ಗ್ರೇಡ್ 8 ಆದ ಮೇಲೆ ಮುಂದೇನು? ಕನ್ಸರ್ಟ್ ಪಿಯಾನಿಸ್ಟ್ ಆಗಬೇಕೆನ್ನುವ ಮಂಗಳೂರು, ಉಡುಪಿಯ ಮಕ್ಕಳಿಗೆ

ಕುಂಜಿಬೆಟ್ಟು_ಪೋಷಕ:
ಎಂಟನೇ, ಒಂಬತ್ತನೇ ಕ್ಲಾಸಿಗೆ ಬರುವಾಗಲೇ ಪಿಯಾನೊದ ಗ್ರೇಡ್ ಪರೀಕ್ಷೆಗಳಲ್ಲಿ (8 ಕೊನೆಯದು) 6, 7 ಮುಗಿಸಿದ ಮಕ್ಕಳು ಈಗ ನಮ್ಮ ಕಡೆ ಇದ್ದಾರೆ. ಅವರಲ್ಲಿ ಒಬ್ಬಿಬ್ಬರು "ಇದೇ ನನ್ನ ಕೆಲಸ ಆಗಬೇಕು, ಸ್ಟೇಜಿನಲ್ಲಿ ನುಡಿಸಬೇಕು" ಅನ್ನುತ್ತಾರೆ. ಮನೆಯವರಿಗೆ ಇಂಜಿನಿಯರಿಂಗ್, ಮೆಡಿಕಲ್ ದಾರಿ ಗೊತ್ತುಂಟು, ಇದರ ದಾರಿ ಗೊತ್ತಿಲ್ಲ. ಗ್ರೇಡ್ 8 ಆದ ಮೇಲೆ ಏನು? ಮನೆಯಲ್ಲಿ ಎಂಥ ವಾದ್ಯ ಬೇಕು, ನಮ್ಮ ಮಳೆಗಾಲದಲ್ಲಿ ಅದು ಉಳಿಯುತ್ತದಾ? ದಿನಕ್ಕೆ ಎಷ್ಟು ಹೊತ್ತು ಕೂರಬೇಕು, ಕೂತು ಎಂತ ಮಾಡಬೇಕು? ಕೊನೆಗೆ ಹೊಟ್ಟೆಪಾಡು ಹೇಗೆ? ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ. "ಪ್ರತಿಭೆ ಇದ್ದರೆ ಆಗುತ್ತದೆ" ಅನ್ನುವ ಉತ್ತರದಿಂದ ಯಾರಿಗೂ ಉಪಯೋಗವಿಲ್ಲ.

ಬೆಂದೂರು_ಪಾಠಮನೆ:
ಮೊದಲು ಗ್ರೇಡ್ ಅಂದರೆ ಎಷ್ಟು, ಎಷ್ಟಲ್ಲ ಅಂತ ನೋಡುವ. ಬ್ರಿಟನ್ನಿನ ಸಂಗೀತ ಪರೀಕ್ಷಾ ಮಂಡಳಿ ಎಬಿಆರ್‌ಎಸ್‌ಎಂನ ಪ್ರಾಕ್ಟಿಕಲ್ ಪರೀಕ್ಷೆಗೆ ಮೂರು ಪೀಸ್, ಸ್ಕೇಲುಗಳು (ಸ್ವರಶ್ರೇಣಿ), ಸೈಟ್ ರೀಡಿಂಗ್ (ಹೊಸ ನೋಟ್ಸನ್ನು ಕಂಡ ಕೂಡಲೇ ನುಡಿಸುವುದು), ಕಿವಿಯ ಪರೀಕ್ಷೆ (ಕೇಳಿ ಸ್ವರ ಗುರುತಿಸುವುದು). ಒಟ್ಟು 150 ಅಂಕ, ಪಾಸಿಗೆ 100, ಡಿಸ್ಟಿಂಕ್ಷನ್‌ಗೆ 130. ಅಂಥದ್ದೇ ಇನ್ನೊಂದು ಮಂಡಳಿ ಟ್ರಿನಿಟಿಯಲ್ಲಿ 100ಕ್ಕೆ, ಪಾಸ್ 60, ಡಿಸ್ಟಿಂಕ್ಷನ್ 87. ಎರಡೂ ಒಳ್ಳೆಯ ಪರೀಕ್ಷೆಗಳೇ. ಆದರೆ ವರ್ಷವಿಡೀ ಮೂರೇ ಪೀಸ್ ಉಜ್ಜಿ ಗ್ರೇಡ್ 8ಕ್ಕೆ ಬಂದ ಮಗುವಿನ ಕೈಯಲ್ಲಿರುವುದು ಹತ್ತು ಹನ್ನೆರಡು ನಿಮಿಷದ ಸಂಗೀತ ಮಾತ್ರ. ಒಂದು ರಿಸೈಟಲ್‌ಗೆ (ಒಬ್ಬರೇ ನುಡಿಸುವ ಪೂರ್ತಿ ಕಾರ್ಯಕ್ರಮ) 75ರಿಂದ 80 ನಿಮಿಷ ಬೇಕು, ಅದೂ ನೋಟ್ಸ್ ನೋಡದೆ. ಕಷ್ಟ ಇರುವುದು ಈ ಅಂತರದಲ್ಲಿ. ಬೆರಳಿನ ವೇಗವನ್ನು ಹದಿನೇಳರಲ್ಲೂ ಕೂಡಿಸಿಕೊಳ್ಳಬಹುದು, ನುಡಿಸಬಲ್ಲ ಕೃತಿಗಳ ಸಂಗ್ರಹವನ್ನು ಒಂದೇ ವರ್ಷದಲ್ಲಿ ಕೂಡಿಸಲು ಯಾರಿಂದಲೂ ಆಗುವುದಿಲ್ಲ.

ಗ್ರೇಡ್ 5 ಆದ ಮೇಲೆ 6, 7 ಬಿಟ್ಟು ನೇರ 8ಕ್ಕೆ ಹೋಗಲಿ. ಎಬಿಆರ್‌ಎಸ್‌ಎಂನಲ್ಲಿ 6ನೇ ಗ್ರೇಡ್ ಮತ್ತು ಅದರ ಮೇಲಿನ ಪ್ರಾಕ್ಟಿಕಲ್‌ಗೆ ಕೂರಬೇಕಾದರೆ 5ನೇ ಗ್ರೇಡಿನ ಥಿಯರಿ ಅಥವಾ ಅದಕ್ಕೆ ಸಮನಾದದ್ದು ಆಗಿರಬೇಕು, ಅದನ್ನು ಬೇಗ ಮುಗಿಸಿಕೊಳ್ಳಿ. ಉಳಿತಾಯವಾದ ಎರಡು ವರ್ಷದಲ್ಲಿ, ಪ್ರತಿ ವರ್ಷಕ್ಕೆ ಬಾಖ್‌ನ ಎರಡು ಪ್ರಿಲ್ಯೂಡ್ ಮತ್ತು ಫ್ಯೂಗ್, ಹೈಡನ್, ಮೊಜಾರ್ಟ್ ಅಥವಾ ಬೆಥೋವನ್‌ನ ಒಂದು ಇಡೀ ಸೊನಾಟಾ (ಹಲವು ಭಾಗಗಳ ಕೃತಿ, ಮೊದಲ ಭಾಗ ಮಾತ್ರ ಅಲ್ಲ), ಎರಡು ಎಟ್ಯೂಡ್ (ಕೈಚಳಕದ ಅಭ್ಯಾಸಕ್ಕೆ ಬರೆದ ಕೃತಿ), ಶೋಪೆನ್ ಅಥವಾ ಶೂಮನ್‌ನ ಒಂದು ದೊಡ್ಡ ಕೃತಿ, ಡೆಬ್ಯುಸಿ, ಬಾರ್ಟೋಕ್, ಪ್ರೊಕೋಫಿಯೆವ್ ಇಂಥವರದ್ದು ಒಂದು. ಹದಿನೇಳಕ್ಕೆ ಬರುವಾಗ ಎರಡು ಪೂರ್ತಿ ಕಾರ್ಯಕ್ರಮದಷ್ಟು ಸರಕು ಕೈಯಲ್ಲಿರುತ್ತದೆ. ಕಾಲೇಜಿನ ಆಡಿಷನ್‌ನವರು ಕೇಳುವುದೂ ಹೆಚ್ಚುಕಮ್ಮಿ ಇದೇ ಮಿಶ್ರಣ.

ಶ್ರುತಿ_ಕೀಲಿ:
ವಾದ್ಯದ ವಿಷಯ ನಾನು ಹೇಳುತ್ತೇನೆ. ಈ ಊರಲ್ಲಿ ಮಕ್ಕಳ ಕೈ ಕೆಡುವುದು ಹೆಚ್ಚಾಗಿ ವಾದ್ಯದಿಂದಲೇ.

ಒಂದು ಪಿಯಾನೊದಲ್ಲಿ 88 ಕೀ, ಸುಮಾರು 220ರಿಂದ 230 ತಂತಿ, ಎಲ್ಲ ಸೇರಿ 18ರಿಂದ 20 ಟನ್ ಎಳೆತ. ಆ ಎಳೆತ ಹೊರುವುದು ಎರಕದ ಕಬ್ಬಿಣದ ಫ್ರೇಮ್. ಸ್ವರ ಹೊರಡುವುದು ಮಾತ್ರ ಒಂದು ಸೆಂಟಿಮೀಟರೂ ದಪ್ಪವಿಲ್ಲದ ಸ್ಪ್ರೂಸ್ ಮರದ ಸೌಂಡ್‌ಬೋರ್ಡಿನಿಂದ. ಗಾಳಿಯ ಪಸೆ ಹೀರಿದರೆ ಅದು ಉಬ್ಬಿ, ಮೇಲೆ ಕೂತ ಬ್ರಿಜ್ಜನ್ನು (ತಂತಿ ಹಾಯುವ ಮರದ ಪಟ್ಟಿ) ಎತ್ತಿ, ತಂತಿಯನ್ನು ಇನ್ನೂ ಬಿಗಿ ಮಾಡುತ್ತದೆ. ಜೂನ್‌ನಲ್ಲಿ ನಡುಭಾಗದ ಶ್ರುತಿ ಏರುವುದು ಅದಕ್ಕೆ. ಬಾಸ್ (ತಗ್ಗು ಸ್ವರದ) ತಂತಿಗಳು ಅಷ್ಟು ಏರುವುದಿಲ್ಲ. ಹಾಗಾಗಿ ಎರಡೂ ಸೇರುವ ಜಾಗದಲ್ಲಿ ಆಕ್ಟೇವ್ (ಒಂದು ಸ್ವರ ಮತ್ತು ಅದರ ಮೇಲಿನ ಸ್ಥಾಯಿಯ ಅದೇ ಸ್ವರ) ಮೊದಲು ಒಡೆಯುತ್ತದೆ, ಮಗುವಿನ ಕಿವಿ ಆ ಅಪಸ್ವರಕ್ಕೆ ಒಗ್ಗಿಹೋಗುತ್ತದೆ.

ಪಿಯಾನೊಗೆ ಹಿತವಾದ ತೇವಾಂಶ ಶೇ. 40ರಿಂದ 50, ಹೆಚ್ಚೆಂದರೆ 60. ನಮ್ಮಲ್ಲಿ ಆಟಿ ತಿಂಗಳಲ್ಲಿ (ಜುಲೈ, ಆಗಸ್ಟ್) ಶೇ. 90 ಆರಾಮವಾಗಿ ದಾಟುತ್ತದೆ. ಶೇ. 45ರ ಹಿಂದೆ ಓಡುವುದು ಬೇಡ. ವರ್ಷವಿಡೀ 55ರಿಂದ 60ರ ಒಳಗೆ ಅಲುಗಾಡದೆ ನಿಂತರೆ ವಾದ್ಯ ಚೆನ್ನಾಗಿಯೇ ಇರುತ್ತದೆ. ಕೆಡಿಸುವುದು ಏರಿಳಿತ. ಪಾಠದ ಎರಡು ಗಂಟೆ ಎಸಿ ಹಾಕಿ, ಮತ್ತೆ ಬಂದ್ ಮಾಡಿ ಕಿಟಕಿ ತೆರೆದರೆ ಮರ ದಿನಕ್ಕೊಮ್ಮೆ ಉಬ್ಬಿ ಕುಗ್ಗುತ್ತದೆ. ಅದಕ್ಕಿಂತ ಎಸಿಯೇ ಇಲ್ಲದ ಕೋಣೆ ವಾಸಿ.

ಕೋಣೆಯಲ್ಲಿ ಮೊದಲು ತೇವಾಂಶ ಅಳೆಯುವ ಒಂದು ಡಿಜಿಟಲ್ ಹೈಗ್ರೋಮೀಟರ್ ಇಡಿ. ಪಿಯಾನೊವನ್ನು ಹೊರಗೋಡೆಗೆ ತಾಗಿಸಬೇಡಿ. ಮುರಕಲ್ಲಿನ ಗೋಡೆ ಸೆಪ್ಟೆಂಬರ್‌ವರೆಗೂ ಪಸೆ ಬಿಡುತ್ತಾ ಇರುತ್ತದೆ. ಒಳಗೋಡೆಯಿಂದ ನಾಲ್ಕು ಇಂಚು ಬಿಟ್ಟು, ಗಾಲಿಗಳ ಕೆಳಗೆ ಕಪ್ ಕೊಟ್ಟು ನಿಲ್ಲಿಸಿ. ಹಂಚಿನ ಮನೆಯಾದರೆ ಸೀಲಿಂಗ್ ಇರುವ ಕೋಣೆಯೇ ಬೇಕು, ಇಲ್ಲದಿದ್ದರೆ ಹಂಚಿನ ಸಂದಿಯಿಂದ ಬರುವ ಗಾಳಿಯನ್ನು ಯಾವ ಯಂತ್ರವೂ ಒಣಗಿಸುವುದಿಲ್ಲ. 120 ಚದರ ಅಡಿಯ ಮುಚ್ಚಿದ ಕೋಣೆಗೆ ದಿನಕ್ಕೆ 10ರಿಂದ 12 ಲೀಟರ್ ನೀರು ತೆಗೆಯುವ ಡಿಹ್ಯುಮಿಡಿಫೈಯರ್ ಸಾಕು. ಪೈಪನ್ನು ಹೊರಗೆ ಬಿಡಿ, ತೊಟ್ಟಿ ತುಂಬಿದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ.

ಇನ್ನೊಂದು ದಾರಿ ವಾದ್ಯದ ಒಳಗೇ ಕೂರಿಸುವ ಹೀಟರ್ ಕೋಲು, ಡ್ಯಾಂಪ್-ಚೇಸರ್ ಥರದ್ದು. ಅಪ್‌ರೈಟ್‌ನಲ್ಲಿ (ತಂತಿ ನೆಟ್ಟಗೆ ನಿಂತ ಪಿಯಾನೊ) ಕೆಳಗಿನ ಪ್ಯಾನೆಲ್ ಹಿಂದೆ, ಗ್ರ್ಯಾಂಡ್‌ನಲ್ಲಿ (ತಂತಿ ಅಡ್ಡ ಮಲಗಿದ ದೊಡ್ಡ ಪಿಯಾನೊ) ಸೌಂಡ್‌ಬೋರ್ಡಿನ ಅಡಿಗೆ ಕೂರಿಸುವುದು. ಜೊತೆಗೆ ತೇವಾಂಶ ನೋಡಿ ತಾನಾಗಿ ಬಂದ್ ಮಾಡುವ ಹ್ಯುಮಿಡಿಸ್ಟಾಟ್ ಇರಲೇಬೇಕು, ಇಲ್ಲದಿದ್ದರೆ ಜನವರಿಯಲ್ಲೂ ಕಾಯುತ್ತಾ ಇದ್ದು ಮರವನ್ನು ಅತಿಯಾಗಿ ಒಣಗಿಸುತ್ತದೆ. 25ರಿಂದ 40 ವಾಟ್‌ನ ಕೋಲು, ಕರೆಂಟ್ ಹೋದರೆ ಮನೆಯ ಇನ್ವರ್ಟರಿನಲ್ಲೇ ನಡೆಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು ನೆಮ್ಮದಿಯಾಗಿ ಕೂರಬೇಡಿ, ನಮ್ಮ ಮಳೆಗೆ ಅದು ಎರಡು ದಿನ ಸಾಲದು.

ಕುಂಜಿಬೆಟ್ಟು_ಪೋಷಕ:
ಸರ್, ಮಳೆಗಾಲದಲ್ಲಿ ಕೆಲವು ಕೀ ಒತ್ತಿದರೆ ಕೆಳಗೇ ನಿಂತುಬಿಡುತ್ತವೆ. ಅದು ದೊಡ್ಡ ರಿಪೇರಿಯಾ? ಮತ್ತೆ, ಡಿಜಿಟಲ್ ಪಿಯಾನೊ ಸಾಕು ಅನ್ನುವವರೂ ಇದ್ದಾರಲ್ಲ?

ಶ್ರುತಿ_ಕೀಲಿ:
ಹೆಚ್ಚಿನ ಸಲ ಸಣ್ಣ ರಿಪೇರಿ. ಎಲ್ಲಿ ಹಿಡಿದಿದೆ ಅಂತ ಮೊದಲು ನೋಡಬೇಕು. ಮೇಲಿನ ಮುಚ್ಚಳ ತೆಗೆದು, ಕೀಯನ್ನು ಮೆಲ್ಲ ಒತ್ತಿ ಬಿಡಿ. ಕೀ ಮೇಲೆ ಬಂದು ಹ್ಯಾಮರ್ (ತಂತಿಗೆ ಹೊಡೆಯುವ ಸುತ್ತಿಗೆ) ಮಾತ್ರ ಮುಂದೆಯೇ ನಿಂತಿದ್ದರೆ ತೊಂದರೆ ಹ್ಯಾಮರಿನ ಫ್ಲೇಂಜಿನಲ್ಲಿ, ಅಂದರೆ ಅದು ತಿರುಗುವ ಕೀಲಿನಲ್ಲಿ. ಅಲ್ಲಿ ಪೆನ್ಸಿಲ್ ಸೀಸದಷ್ಟು ಸಣ್ಣ ಸೆಂಟರ್ ಪಿನ್ ಉಂಟು, ಅದರ ಸುತ್ತ ಬಟ್ಟೆ. ಬಟ್ಟೆ ಪಸೆ ಕುಡಿದು ಪಿನ್ ಬಿಗಿಯಾಗಿದೆ. ಹ್ಯಾಮರ್ ಹಿಂದೆ ಹೋಗಿದೆ, ಕೀ ಮಾತ್ರ ಕೆಳಗೇ ಉಳಿದಿದೆ ಅಂತಾದರೆ ಕೀಯ ಬುಶಿಂಗ್, ಅಂದರೆ ಕೀಯ ತೂತಿನ ಬಟ್ಟೆ. ಕೀಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಿ. ಕೂದಲೆಳೆಯಷ್ಟಾದರೂ ಆಟ ಇರಬೇಕು, ಒಂದು ಚೂರೂ ಅಲ್ಲಾಡದಿದ್ದರೆ ಬುಶಿಂಗ್ ಉಬ್ಬಿದೆ ಅಂತ ಲೆಕ್ಕ. ಈಸಿಂಗ್ ಪ್ಲೈಯರ್ ಅಂತ ಅಗಲ ಬಾಯಿಯ ಇಕ್ಕಳ ಬರುತ್ತದೆ, ಅದರಲ್ಲಿ ಬಟ್ಟೆಯನ್ನು ಎರಡೂ ಬದಿ ಮೆಲ್ಲ ಅಮುಕಿದರೆ ಕೀ ಬಿಡುತ್ತದೆ. ಜೋರಾಗಿ ಅಮುಕಿದರೆ ಮಳೆ ಹೋದ ಮೇಲೆ ಅದೇ ಕೀ ಗಡಗಡ ಅನ್ನುತ್ತದೆ. ಹಾಗಾಗಿ ಮೊದಲು ಕೋಣೆಯನ್ನು ಒಂದು ವಾರ ಒಣಗಿಸಿ, ಆಮೇಲೂ ಹಿಡಿಯುವ ಕೀಗಳಿಗೆ ಮಾತ್ರ ಇಕ್ಕಳ ಹಾಕಬೇಕು.

ಎಣ್ಣೆ ಬಿಡಬೇಡಿ. ತೆಂಗಿನೆಣ್ಣೆಯೂ ಬೇಡ, ಹೊಲಿಗೆ ಮೆಶಿನಿನ ಎಣ್ಣೆಯೂ ಬೇಡ, ಡಬ್ಲ್ಯೂಡಿ-40 ಕೂಡ ಬೇಡ. ಅವತ್ತು ಸರಿಯಾದಂತೆ ಕಾಣುತ್ತದೆ. ಎಣ್ಣೆ ಬಟ್ಟೆಗೂ ಮರಕ್ಕೂ ಇಳಿದು, ಧೂಳು ಸೇರಿ ಅಂಟಾದ ಮೇಲೆ ಆ ಫ್ಲೇಂಜನ್ನೇ ಬದಲಿಸಬೇಕಾಗುತ್ತದೆ. ಟ್ಯೂನಿಂಗ್ ಪಿನ್‌ಗೆ ಎಣ್ಣೆ ತಾಗಿದರಂತೂ ಪಿನ್ ಮತ್ತೆ ಮರದಲ್ಲಿ ನಿಲ್ಲುವುದೇ ಇಲ್ಲ. ಇಲಿ ಒಳಗೆ ಸೇರದ ಹಾಗೆ ನೋಡಿಕೊಳ್ಳಿ, ಫೆಲ್ಟ್ ಕಡಿಯುವುದಕ್ಕಿಂತ ಅದರ ಮೂತ್ರದಿಂದ ತಂತಿ ತುಕ್ಕು ಹಿಡಿಯುವುದೇ ದೊಡ್ಡ ಹಾನಿ. ಮಲ್ಪೆ, ಉಳ್ಳಾಲದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ತುಕ್ಕು ಇನ್ನೂ ಬೇಗ.

ಟ್ಯೂನಿಂಗ್ ವರ್ಷಕ್ಕೆ ಎರಡು ಸಲವಾದರೂ ಬೇಕು. ಮಳೆ ಬಿಟ್ಟ ಮರುದಿನವೇ ಕರೆಯಬೇಡಿ, ಹಲಗೆ ಒಣಗಿ ತನ್ನ ಸ್ಥಿತಿಗೆ ಬರಲು ಮೂರು ನಾಲ್ಕು ವಾರ ಹಿಡಿಯುತ್ತದೆ. ನವೆಂಬರ್ ಮೊದಲ ವಾರ ಒಂದು, ಮಾರ್ಚ್‌ನಲ್ಲಿ ಒಂದು. ಬಹಳ ವರ್ಷ ಮುಟ್ಟದ ಪಿಯಾನೊ ಆದರೆ ಒಂದೇ ದಿನದಲ್ಲಿ ಎ 440ಕ್ಕೆ (ಎ ಸ್ವರಕ್ಕೆ ಸೆಕೆಂಡಿಗೆ 440 ಕಂಪನದ ಶ್ರುತಿ) ನಿಲ್ಲುವುದಿಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಇಳಿಯುತ್ತದೆ. ಮೊದಲ ಸುತ್ತು ಒರಟಾಗಿ ಏರಿಸಿ, ಎರಡು ವಾರ ಬಿಟ್ಟು ನಯವಾಗಿ ಮಾಡುವುದು.

ಡಿಜಿಟಲ್ ವಿಷಯ: 88 ಕೀಯ, ಹ್ಯಾಮರ್ ತೂಕ ಇರುವ, ಕಾಲಿನ ಪೆಡಲನ್ನು ಅರ್ಧ ಒತ್ತಿದರೂ ಗುರುತಿಸುವ ಮಾಡೆಲ್ ಆದರೆ ಮೊದಲ ಮೂರು ನಾಲ್ಕು ವರ್ಷಕ್ಕೆ ನಡೆಯುತ್ತದೆ. ರಾತ್ರಿ ಹೆಡ್‌ಫೋನ್ ಹಾಕಿ ನುಡಿಸಲು ಆಮೇಲೂ ಬೇಕಾಗುತ್ತದೆ. ಆದರೆ ಮುಂದೆ ಇದನ್ನೇ ಮಾಡುವ ಮಗುವಿಗೆ 121 ಅಥವಾ 131 ಸೆಂಟಿಮೀಟರ್ ಎತ್ತರದ ಒಳ್ಳೆಯ ಅಪ್‌ರೈಟ್ ಮನೆಯಲ್ಲಿ ಇರಬೇಕು, ಹದಿನಾಲ್ಕರ ಹೊತ್ತಿಗೆ ವಾರಕ್ಕೊಮ್ಮೆಯಾದರೂ ಗ್ರ್ಯಾಂಡ್ ಸಿಗಬೇಕು. ಪ್ಯಾರಿಸಿನ ಎರಾರ್ 1821ರಲ್ಲಿ ಪೇಟೆಂಟ್ ಪಡೆದ ಡಬಲ್ ಎಸ್ಕೇಪ್‌ಮೆಂಟ್ ವ್ಯವಸ್ಥೆ ಗ್ರ್ಯಾಂಡ್‌ನಲ್ಲಿ ಮಾತ್ರ ಉಂಟು, ಕೀ ಪೂರ್ತಿ ಮೇಲೆ ಬಾರದೆಯೇ ಅದೇ ಸ್ವರ ಮತ್ತೆ ಹೊಡೆಯಲು ಬರುತ್ತದೆ. ಅಪ್‌ರೈಟ್‌ನಲ್ಲಿ ಹೆಚ್ಚುಕಮ್ಮಿ ಪೂರ್ತಿ ಬಿಡಬೇಕು. ಒಂದೇ ಸ್ವರವನ್ನು ವೇಗವಾಗಿ ಬಡಿಯುವ ಜಾಗ, ತೀರಾ ಮೆಲ್ಲನೆಯ ಟ್ರಿಲ್ (ಪಕ್ಕದ ಎರಡು ಸ್ವರ ಬೇಗ ಬೇಗ ಬದಲಿಸುವುದು), ಇವು ಗ್ರ್ಯಾಂಡ್‌ನಲ್ಲಿ ಕೂರದೆ ಕೈಗೆ ಬರುವುದಿಲ್ಲ.

ಪಡುಬಿದ್ರಿ_ಕಾಯರ್:
ಚರ್ಚಿನ ಕಾಯರ್‌ಗೆ ಕೀಬೋರ್ಡ್ ನುಡಿಸುವ ಮಕ್ಕಳಿಗೆ ಸೈಟ್ ರೀಡಿಂಗ್ ಚೆನ್ನಾಗಿ ಬರುತ್ತದೆ, ವಾರ ವಾರ ಹೊಸ ಹಾಡು, ನಾಲ್ಕು ಭಾಗದ ಸ್ವರ. ಇದು ಲಾಭವೇ ಅಲ್ವಾ?

ಬೆಂದೂರು_ಪಾಠಮನೆ:
ದೊಡ್ಡ ಲಾಭ ಮಾರಾಯ್ರೆ. ಗ್ರೇಡ್ 8 ಆಗಿಯೂ ಎರಡು ಸಾಲು ಹೊಸದು ಓದಲು ತಡವರಿಸುವ ಮಕ್ಕಳು ತುಂಬ ಇದ್ದಾರೆ. ವೃತ್ತಿಯಲ್ಲಿ ಮೊದಲ ಹತ್ತು ವರ್ಷದ ಸಂಪಾದನೆ ಬರುವುದೇ ಗಾಯಕರಿಗೆ, ವಯೊಲಿನ್‌ನವರಿಗೆ ಸಾಥ್ ಕೊಟ್ಟು. ಅಲ್ಲಿ ಬೇಕಾದದ್ದು ಇದೇ. ಒಂದು ಎಚ್ಚರಿಕೆ: ಆರ್ಗನ್ನಿನಲ್ಲಿ ಬೆರಳು ಎತ್ತಿದರೆ ಸ್ವರ ನಿಲ್ಲುತ್ತದೆ, ಎಷ್ಟು ಜೋರಾಗಿ ಒತ್ತಿದರೂ ಸದ್ದು ಅಷ್ಟೇ. ಆ ಅಭ್ಯಾಸದ ಕೈ ಪಿಯಾನೊದಲ್ಲಿ ಎಲ್ಲ ಬೆರಳಿಗೂ ಒಂದೇ ತೂಕ ಹಾಕುತ್ತದೆ, ಮೇಲಿನ ರಾಗ ಕೆಳಗಿನ ಸ್ವರಗಳೊಳಗೆ ಮುಳುಗುತ್ತದೆ. ನಾಲ್ಕು ಸ್ವರದ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗುಂಪು) ಹಿಡಿದು, ಕಿರುಬೆರಳಿನದ್ದು ಮಾತ್ರ ಜೋರು, ಉಳಿದ ಮೂರು ಮೆಲ್ಲ. ಮತ್ತೆ ನಡುಬೆರಳಿನದ್ದು ಜೋರು. ದಿನಕ್ಕೆ ಐದು ನಿಮಿಷ ಸಾಕು.

ಕರ್ನಾಟಕ ಸಂಗೀತ ಕಲಿತ ಮಕ್ಕಳಿಗೆ ಲಯವೂ ನೆನಪೂ ಗಟ್ಟಿ ಇರುತ್ತದೆ. ಅವರಿಗೆ ಹೊಸದಾಗಿ ಬೇಕಾಗುವುದು ಒಟ್ಟಿಗೆ ಓಡುವ ಎರಡು ಮೂರು ರಾಗಗಳನ್ನು ಬೇರೆ ಬೇರೆಯಾಗಿ ಕೇಳುವ ಕಿವಿ. ಬಾಖ್‌ನ ಎರಡು ಭಾಗದ ಇನ್ವೆನ್ಷನ್‌ಗಳಲ್ಲಿ ಒಂದು ಭಾಗ ನುಡಿಸುತ್ತಾ ಇನ್ನೊಂದನ್ನು ಬಾಯಲ್ಲಿ ಹಾಡಿಸಿ. ಹಾಡಿ ರೂಢಿಯಿರುವ ಕಾರಣ ನಮ್ಮ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ.

ಇನ್ನು ಗಂಟೆಗಳ ಲೆಕ್ಕ. ಹೈಸ್ಕೂಲಿನಲ್ಲಿ ದಿನಕ್ಕೆ ಎರಡೂವರೆ ಮೂರು ಗಂಟೆ, ರಜೆಯಲ್ಲಿ ನಾಲ್ಕು. ಅದಕ್ಕಿಂತ ಹೆಚ್ಚು ಕೂತರೆ ಕಿವಿ ಕೇಳುವುದನ್ನು ನಿಲ್ಲಿಸುತ್ತದೆ, ಕೈ ಮಾತ್ರ ಓಡುತ್ತದೆ. ಬೆಳಿಗ್ಗೆ ಶಾಲೆಗೆ ಮೊದಲು ಸಿಗುವ ಮುಕ್ಕಾಲು ಗಂಟೆ ಕಂಠಪಾಠಕ್ಕೆ ಇಡಿ. ಸ್ಕೇಲು, ಎಟ್ಯೂಡ್ ಸಂಜೆಗೆ.

ಕಂಠಪಾಠದ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸ್ಟೇಜಿನಲ್ಲಿ ಎಡವುವುದು ಅಲ್ಲೇ. ಮಕ್ಕಳು "ಬಾಯಿಪಾಠ ಬಂತು" ಅನ್ನುವಾಗ ಬಂದಿರುವುದು ಬೆರಳಿಗೆ ಮಾತ್ರ. ಮೊಜಾರ್ಟ್‌ನ ಸಿ ಮೇಜರ್ (ಸಿ ಸ್ವರ ಆಧಾರ) ಸೊನಾಟಾ, ಕೆ. 545 (ಅವನ ಕೃತಿಗಳ ಪಟ್ಟಿಯ ಸಂಖ್ಯೆ), ಎಲ್ಲರೂ ಕಲಿಯುವುದು. ಮೊದಲ ಭಾಗದಲ್ಲಿ ಆರಂಭದ ರಾಗ ಸಿ ಮೇಜರಿನಲ್ಲಿ ಬರುತ್ತದೆ. ಕೊನೆಯ ಸುತ್ತಿನಲ್ಲಿ ಅದೇ ರಾಗ, ಅದೇ ಬೆರಳಿನ ನಡೆ, ಆದರೆ ಎಫ್ ಮೇಜರಿನಲ್ಲಿ. ಎರಡನೇ ರಾಗ ಮೊದಲ ಸಲ ಜಿ ಮೇಜರ್, ಕೊನೆಗೆ ಸಿ ಮೇಜರ್. ಎರಡೂ ಕಡೆ ದಾರಿ ಒಂದೇ ಥರ ಇದ್ದು ತಿರುವು ಮಾತ್ರ ಬೇರೆ. ಬೆರಳನ್ನೇ ನಂಬಿದ ಮಗು ಗಾಬರಿಯಲ್ಲಿ ಹಳೆಯ ತಿರುವು ತೆಗೆದುಕೊಂಡು ಮತ್ತೆ ಮೊದಲಿಗೇ ಬಂದು ನಿಲ್ಲುತ್ತದೆ.

ಇದಕ್ಕೆ ಮದ್ದು ಉಂಟು. ಪ್ರತಿ ಎಂಟು, ಹನ್ನೆರಡು ಬಾರ್‌ಗೆ (ನೋಟ್ಸಿನಲ್ಲಿ ಉದ್ದ ಗೆರೆ ಹಾಕಿ ಬಿಡಿಸಿದ ತಾಳದ ಮನೆ) ಒಂದು ನಿಲ್ದಾಣ ಗುರುತು ಮಾಡಿ ನಂಬರ್ ಹಾಕಿ. ಕೊನೆಯ ನಿಲ್ದಾಣದಿಂದ ಶುರುಮಾಡಿ ಹಿಂದಕ್ಕೆ ಬನ್ನಿ: 9ರಿಂದ ಮುಕ್ತಾಯಕ್ಕೆ, 8ರಿಂದ ಮುಕ್ತಾಯಕ್ಕೆ, ಹೀಗೆ. ಆಮೇಲೆ ಯಾರಾದರೂ ನಂಬರ್ ಕೂಗಬೇಕು, ಮಗು ಕೂಡಲೇ ಅಲ್ಲಿಂದ ಹಿಡಿಯಬೇಕು. ಎಡಗೈ ಮಾತ್ರ, ನೋಟ್ಸ್ ಇಲ್ಲದೆ, ನಿಧಾನವಾಗಿ. ಹೆಚ್ಚಿನವರು ಇಲ್ಲಿ ನಿಂತುಬಿಡುತ್ತಾರೆ, ಹಾಗಾಗಿ ಇದೇ ನಿಜವಾದ ಪರೀಕ್ಷೆ. ಕೊನೆಗೆ ಪಿಯಾನೊದಿಂದ ಎದ್ದು, ಕುರ್ಚಿಯಲ್ಲಿ ಕೂತು, ಇಡೀ ಕೃತಿಯನ್ನು ತಲೆಯಲ್ಲಿ ನಡೆಸುವುದು. ರಷ್ಯದ ರಖ್ಮಾನಿನೋವ್ 1909ರಲ್ಲಿ ತನ್ನ ಮೂರನೇ ಕನ್ಸರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಹಿಡಿದು ಅಮೆರಿಕಕ್ಕೆ ಹೊರಟಾಗ ಹಡಗಿನಲ್ಲಿ ಸದ್ದಿಲ್ಲದ ಕೀಬೋರ್ಡಿನಲ್ಲೇ ಅಭ್ಯಾಸ ಮಾಡಿಕೊಂಡದ್ದು.

ಹಳೇ_ರೆಕಾರ್ಡ್:
ನೆನಪಿನ ಭಯ ದೊಡ್ಡವರಿಗೂ ಇದ್ದದ್ದೇ. ನೋಟ್ಸ್ ಇಲ್ಲದೆ ನುಡಿಸುವುದು ಕ್ಲಾರಾ ಶೂಮನ್, ಲಿಸ್ಟ್ ಕಾಲದಲ್ಲಿ ಬೇರೂರಿದ ಪದ್ಧತಿ. ಪಿಯಾನಿಸ್ಟ್ ರಿಖ್ಟರ್‌ನಂಥವರು ಕೊನೆಯ ವರ್ಷಗಳಲ್ಲಿ ಸಭಾಂಗಣ ಕತ್ತಲೆ ಮಾಡಿ, ಒಂದು ಸಣ್ಣ ದೀಪದಡಿ ನೋಟ್ಸ್ ಇಟ್ಟುಕೊಂಡೇ ನುಡಿಸಿದರು. ಪೋರ್ಚುಗಲ್‌ನ ಪಿಯಾನಿಸ್ಟ್ ಮಾರಿಯಾ ಜುವಾಂವ್ ಪಿರೆಸ್ ಆಮ್‌ಸ್ಟರ್‌ಡಾಮ್‌ನಲ್ಲಿ ಮೊಜಾರ್ಟ್‌ನ ಒಂದು ಕನ್ಸರ್ಟೊ ತಯಾರಿ ಮಾಡಿ ಬಂದರೆ, ಆರ್ಕೆಸ್ಟ್ರಾ ಶುರುಮಾಡಿದ್ದು ಇನ್ನೊಂದನ್ನು, ಡಿ ಮೈನರ್, ಕೆ. 466. ಪೀಠಿಕೆ ಮುಗಿಯುವಷ್ಟರಲ್ಲಿ ಅವರು ಅದನ್ನು ನೆನಪಿಗೆ ತಂದುಕೊಂಡು ಪೂರ್ತಿ ನುಡಿಸಿದರು. ಬೆರಳಿನ ನೆನಪು ಮಾತ್ರ ಇದ್ದವರಿಂದ ಅದು ಆಗುವ ಕೆಲಸ ಅಲ್ಲ.

ಸಂಗ್ರಹ ಕೈಯಲ್ಲಿರಬೇಕು ಅಂತ ಬೆಂದೂರಿನವರು ಹೇಳಿದ್ದಕ್ಕೆ ಇನ್ನೊಂದು ಸಾಕ್ಷಿ. 1963ರ ಜನವರಿಯಲ್ಲಿ ಗ್ಲೆನ್ ಗೌಲ್ಡ್ ಹುಷಾರಿಲ್ಲದೆ ಬಾರದಿದ್ದಾಗ ಹದಿನಾರರ ಆಂಡ್ರೆ ವಾಟ್ಸ್ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಜೊತೆ, ಬರ್ನ್‌ಸ್ಟೈನ್ ನಿರ್ದೇಶನದಲ್ಲಿ, ಲಿಸ್ಟ್‌ನ ಕನ್ಸರ್ಟೊ ನುಡಿಸಿದರು. 1999ರಲ್ಲಿ ಅದೇ ವಾಟ್ಸ್ ಬರಲಾಗದಾಗ ಶಿಕಾಗೊ ಸಿಂಫನಿ ಜೊತೆ ಚೈಕೋವ್‌ಸ್ಕಿಯ ಮೊದಲ ಕನ್ಸರ್ಟೊ ನುಡಿಸಿದ್ದು ಹದಿನೇಳರ ಲಾಂಗ್ ಲಾಂಗ್. ಇಬ್ಬರ ವೃತ್ತಿಯೂ ಆ ಸಂಜೆಯಿಂದ ಬೇರೆಯೇ ಆಯಿತು. ಕರೆ ಬಂದ ಮೇಲೆ ಕಲಿಯಲು ಸಮಯ ಇರುವುದಿಲ್ಲ.

ಸ್ಪರ್ಧೆಗಳು ಇನ್ನೊಂದು ಬಾಗಿಲು. ವಾರ್ಸಾದ ಶೋಪೆನ್ ಸ್ಪರ್ಧೆ 1927ರಿಂದ ಇದೆ, ಈಗ ಐದು ವರ್ಷಕ್ಕೊಮ್ಮೆ, ವಯಸ್ಸು 16ರಿಂದ 30, ಎಲ್ಲ ಸುತ್ತಿಗೂ ಶೋಪೆನ್ ಒಬ್ಬನೇ. ಬ್ರಸೆಲ್ಸಿನ ಕ್ವೀನ್ ಎಲಿಜಬೆತ್ ಸ್ಪರ್ಧೆಯಲ್ಲಿ ಅಂತಿಮ ಸುತ್ತಿಗೆ ಬಂದವರಿಗೆ ಯಾರೂ ಕಂಡಿರದ ಹೊಸ ಕೃತಿ ಕೊಟ್ಟು, ಒಂದು ವಾರ ಹೊರಗಿನ ಸಂಪರ್ಕವಿಲ್ಲದೆ ಕಲಿಯಲು ಬಿಡುತ್ತಾರೆ. ಸ್ಪರ್ಧೆ ಗೆದ್ದರೆ ಎರಡು ವರ್ಷ ಕಾರ್ಯಕ್ರಮ ಸಿಗುತ್ತದೆ, ಆ ಎರಡು ವರ್ಷಕ್ಕೆ ಬೇಕಾದಷ್ಟು ಸರಕು ಇಲ್ಲದವರು ಅಲ್ಲೇ ಸೋಲುತ್ತಾರೆ. ಮಾರ್ತಾ ಅರ್ಗೆರಿಚ್ 1957ರಲ್ಲಿ ಹದಿನಾರಕ್ಕೇ ಬೊಲ್ಜಾನೊ, ಜಿನೀವಾ ಎರಡೂ ಸ್ಪರ್ಧೆ ಗೆದ್ದವರು. ನಡುವೆ ಕೆಲವು ವರ್ಷ ನುಡಿಸುವುದನ್ನೇ ಹೆಚ್ಚುಕಮ್ಮಿ ಬಿಟ್ಟು, 1965ರಲ್ಲಿ ವಾರ್ಸಾ ಗೆದ್ದರು. ಹೊರೊವಿಟ್ಜ್ 1953ರಿಂದ 1965ರವರೆಗೆ ಸಭೆಯಲ್ಲಿ ನುಡಿಸಲಿಲ್ಲ. ಗೌಲ್ಡ್ 1964ರಲ್ಲಿ, 31ನೇ ವಯಸ್ಸಿಗೆ, ಸ್ಟೇಜನ್ನೇ ಬಿಟ್ಟು ರೆಕಾರ್ಡಿಂಗಿಗೆ ಹೋದರು. ಇಷ್ಟು ದೊಡ್ಡವರ ಬದುಕೂ ನೆಟ್ಟಗೆ ಒಂದೇ ಗೆರೆಯಲ್ಲಿ ಹೋಗಿಲ್ಲ ಅನ್ನುವುದು ಮನೆಯವರಿಗೆ ತಿಳಿದಿರಲಿ.

ಮಣಿಪಾಲ_ಫಿಸಿಯೊ:
ಕೈಯ ವಿಷಯ ಯಾರೂ ಎತ್ತಲಿಲ್ಲ. 25 ನಿಮಿಷ ನುಡಿಸಿದರೆ 5 ನಿಮಿಷ ಎದ್ದು ಓಡಾಡಬೇಕು. ಪರೀಕ್ಷೆ ರಜೆ ಮುಗಿದು ಒಮ್ಮೆಲೇ ಒಂದು ಗಂಟೆಯಿಂದ ನಾಲ್ಕು ಗಂಟೆಗೆ ಹಾರುವುದರಿಂದಲೇ ಹೆಚ್ಚಿನ ಸ್ನಾಯು ನೋವು ಬರುವುದು, ವಾರ ವಾರ ಸ್ವಲ್ಪವೇ ಏರಿಸಿ. ಬೆಂಚಿನ ಎತ್ತರ ಎಷ್ಟಿರಬೇಕೆಂದರೆ ಮೊಣಕೈ ಕೀಗಳ ಮಟ್ಟಕ್ಕೆ ಅಥವಾ ಒಂದು ಚೂರು ಮೇಲೆ, ಕೂರುವುದು ಬೆಂಚಿನ ಮುಂದಿನ ಅರ್ಧದಲ್ಲಿ, ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಸಣ್ಣ ಮಕ್ಕಳಿಗೆ ಕಾಲ ಕೆಳಗೆ ಮಣೆ ಕೊಡಿ. ಊಟದ ಕುರ್ಚಿ ಹಾಕಿ ಕೂರಿಸುವುದು ಈ ಊರಲ್ಲಿ ತುಂಬ ಕಾಣುತ್ತದೆ, ಅದರಿಂದ ಭುಜ ಮೇಲೆ ಏರುತ್ತದೆ, ನೋವು ಕುತ್ತಿಗೆಯಿಂದ ಶುರುವಾಗುತ್ತದೆ.

ಉಂಗುರಬೆರಳು, ಕಿರುಬೆರಳಿನಲ್ಲಿ ಜುಮ್ಮೆಂದರೆ ಮೊಣಕೈಯ ನರ ನೋಡಿಸಿ. ಹೆಬ್ಬೆರಳಿನಿಂದ ನಡುಬೆರಳವರೆಗೆ ಜೋಮು ಹಿಡಿದರೆ ಮಣಿಕಟ್ಟಿನ ನರ. ನೋವು ತಡೆದುಕೊಂಡು ನುಡಿಸುವುದು ಶೌರ್ಯ ಅಲ್ಲ. ಇನ್ನೊಂದು ಲಕ್ಷಣಕ್ಕೆ ಹೆಚ್ಚಿನ ಎಚ್ಚರ ಬೇಕು: ನೋವೇ ಇಲ್ಲ, ಆದರೆ ನುಡಿಸುವಾಗ ಮಾತ್ರ ಒಂದು ಬೆರಳು ತಾನಾಗಿ ಒಳಕ್ಕೆ ಮಡಚುತ್ತದೆ. ಫೋಕಲ್ ಡಿಸ್ಟೋನಿಯಾ ಹೀಗೆ ಶುರುವಾಗುತ್ತದೆ, ಹೆಚ್ಚು ಅಭ್ಯಾಸ ಮಾಡಿದಷ್ಟೂ ಗಟ್ಟಿಯಾಗುತ್ತದೆ. ಕೂಡಲೇ ನಿಲ್ಲಿಸಿ ನರರೋಗ ತಜ್ಞರಿಗೆ ತೋರಿಸಿ. 1952ರಲ್ಲಿ ಬ್ರಸೆಲ್ಸ್ ಸ್ಪರ್ಧೆ ಗೆದ್ದ ಲಿಯಾನ್ ಫ್ಲೈಶರ್‌ಗೆ 1960ರ ದಶಕದ ನಡುವೆ ಬಲಗೈಯಲ್ಲಿ ಆದದ್ದು ಇದೇ. ಎಡಗೈಗೆಂದೇ ಬರೆದ ಕೃತಿಗಳನ್ನು ನುಡಿಸಿ, ಪಾಠ ಹೇಳಿ ದಶಕಗಳನ್ನು ಕಳೆದರು, 1990ರ ದಶಕದಲ್ಲಿ ಬೊಟಾಕ್ಸ್ ಚಿಕಿತ್ಸೆ ಸಿಕ್ಕಿದ ಮೇಲೆ ಎರಡೂ ಕೈಗೆ ಮರಳಿದರು.

ಕುಂಜಿಬೆಟ್ಟು_ಪೋಷಕ:
ಕೈ ಸಣ್ಣ ಇದ್ದರೆ? ಆಕ್ಟೇವ್ ಹಿಡಿಯುವಷ್ಟು ಮಾತ್ರ ಬರುತ್ತದೆ ಅಂತಾದರೆ?

ಬೆಂದೂರು_ಪಾಠಮನೆ:
ಒಂದು ಆಕ್ಟೇವಿನ ಅಗಲ ಸುಮಾರು 16.5 ಸೆಂಟಿಮೀಟರ್. ಅದು ಬಿಗಿತವಿಲ್ಲದೆ ಬಂದರೆ ವೃತ್ತಿಗೆ ಅಡ್ಡಿಯಿಲ್ಲ. ಸ್ಪೇನಿನ ಅಲಿಸಿಯಾ ದೆ ಲರೋಚಾ ಐದಡಿಗಿಂತ ಕಡಿಮೆ ಎತ್ತರದವರು, ಕೈಯೂ ಸಣ್ಣದು, ರಖ್ಮಾನಿನೋವ್ ಕೂಡ ನುಡಿಸಿದವರು. ಕೃತಿ ಆರಿಸುವಾಗ ಮಾತ್ರ ಜಾಣ್ಮೆ ಬೇಕು. ಆಕ್ಟೇವ್‌ಗಳೇ ತುಂಬಿದ ಎಟ್ಯೂಡ್ ಬಿಟ್ಟು ಬೆರಳಿನ ಓಟದ ಎಟ್ಯೂಡ್ ಹಿಡಿಯಲಿ, ಮೊಜಾರ್ಟ್, ಸ್ಕಾರ್ಲಾಟಿ, ರವೆಲ್ ಕಡೆ ಹೋಗಲಿ. ದೊಡ್ಡ ಕಾರ್ಡನ್ನು ಕೆಳಗಿನಿಂದ ಮೇಲಕ್ಕೆ ಮುರಿದು ನುಡಿಸುವಾಗ ಬಾಸ್ ಸ್ವರ ಪೆಡಲಿನಲ್ಲಿ ಸಿಗಬೇಕು. ಪೆಡಲ್ ಮೊದಲೇ ಒತ್ತಿದ್ದರೆ ಹಳೆಯ ಸ್ವರ ಕೂಡಿಕೊಂಡು ಕಲಸುತ್ತದೆ. ಕೈ ಬಾಸ್ ಸ್ವರವನ್ನು ಒತ್ತುವ ಕ್ಷಣಕ್ಕೆ ಕಾಲು ಏಳಬೇಕು, ಆ ಬೆರಳು ಇನ್ನೂ ಕೀಯಲ್ಲಿ ಇರುವಾಗಲೇ ಕಾಲು ಮತ್ತೆ ಇಳಿಯಬೇಕು. ಬೆರಳು ಎದ್ದ ಮೇಲೆ ಕಾಲು ಇಳಿದರೆ ಬಾಸ್ ಹೋಯಿತು. ಇದನ್ನು ಒಂದೇ ಸ್ವರದಲ್ಲಿ, ಮೆಟ್ರೊನೋಮ್ (ತಾಳ ಬಡಿಯುವ ಯಂತ್ರ) ನಿಮಿಷಕ್ಕೆ 60ಕ್ಕೆ ಇಟ್ಟು ಕಲಿಸಿ.

ಕುಂದಾಪುರ_ವಿಯೆನ್ನಾ:
ಆಡಿಷನ್ ಬಗ್ಗೆ. ಅಮೆರಿಕದ ಹೆಚ್ಚಿನ ಕನ್ಸರ್ವೇಟರಿಗಳಿಗೆ (ಸಂಗೀತ ಕಾಲೇಜು) ಅರ್ಜಿಯ ಕೊನೆಯ ದಿನ ಡಿಸೆಂಬರ್ 1ರ ಆಸುಪಾಸು, ಅದರೊಟ್ಟಿಗೆ ಮೊದಲ ಸುತ್ತಿನ ಆಯ್ಕೆಗೆ ಪ್ರಿಸ್ಕ್ರೀನಿಂಗ್ ವಿಡಿಯೊ. ಆಯ್ಕೆಯಾದವರಿಗೆ ಮಾರ್ಚ್ ಹೊತ್ತಿಗೆ ನೇರ ಆಡಿಷನ್. ಸಾಮಾನ್ಯವಾಗಿ ಕೇಳುವುದು ಬಾಖ್, ಒಂದು ಪೂರ್ತಿ ಕ್ಲಾಸಿಕಲ್ ಸೊನಾಟಾ, ಒಂದೆರಡು ಎಟ್ಯೂಡ್, ಒಂದು ರೊಮ್ಯಾಂಟಿಕ್ ಕೃತಿ, ಎಲ್ಲ ಕಂಠಪಾಠ. ಫಿಲಡೆಲ್ಫಿಯಾದ ಕರ್ಟಿಸ್‌ನಲ್ಲಿ 1928ರಿಂದಲೂ ಬೋಧನಾ ಶುಲ್ಕ ಇಲ್ಲ, ಸೀಟು ಮಾತ್ರ ಬೆರಳೆಣಿಕೆ. ಜರ್ಮನಿಯ ಸರಕಾರಿ ಸಂಗೀತ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1500 ಯೂರೊ ತಂದಿತು. ಜರ್ಮನಿಯಲ್ಲಿ ನುಡಿಸಾಣಿಕೆ ಜೊತೆ ಥಿಯರಿ, ಕಿವಿಯ ಪರೀಕ್ಷೆ ಉಂಟು, ಜರ್ಮನ್ ಭಾಷೆಯ ಸರ್ಟಿಫಿಕೇಟೂ ಬೇಕು. ನಮ್ಮ ಮಕ್ಕಳು ಕಿವಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತಾರೆ. ಬರೀ ಗ್ರೇಡಿನ ಮಟ್ಟ ಸಾಲದು, ಎರಡು ಭಾಗದ ಸ್ವರ ಕೇಳಿ ಬರೆಯಲು ಬರಬೇಕು.

ವಿಡಿಯೊ ಬಗ್ಗೆ ಒಂದು ಮಾತು. ಒಂದು ಕೃತಿಗೆ ಒಂದೇ ಟೇಕ್, ಕತ್ತರಿ ಹಾಕುವಂತಿಲ್ಲ. ಕ್ಯಾಮೆರಾ ಬಲಬದಿಯಲ್ಲಿ, ಎರಡೂ ಕೈ, ಮುಖ, ಕೀಬೋರ್ಡ್ ಒಟ್ಟಿಗೆ ಕಾಣಬೇಕು. ಫೋನಿನ ಮೈಕ್ ಬೇಡ, ಅದು ಮೆಲ್ಲನೆಯದನ್ನು ಏರಿಸಿ ಜೋರನ್ನು ಇಳಿಸಿ ಎಲ್ಲ ಒಂದೇ ಮಟ್ಟ ಮಾಡುತ್ತದೆ. ಬೇರೆ ರೆಕಾರ್ಡರ್ ತಂದು, ಪಿಯಾನೊದಿಂದ ಒಂದೂವರೆ ಎರಡು ಮೀಟರ್ ದೂರ ಇಟ್ಟು, ತಾನಾಗಿ ಮಟ್ಟ ಸರಿಮಾಡುವ ಸೌಲಭ್ಯ ಬಂದ್ ಮಾಡಿ. ಫ್ಯಾನ್ ಬಂದ್. ಮಳೆಗಾಲದಲ್ಲಿ ಹಂಚು, ಶೀಟಿನ ಸದ್ದಿನಲ್ಲಿ ರೆಕಾರ್ಡಿಂಗ್ ಆಗುವುದೇ ಇಲ್ಲ. ಹಾಗಾಗಿ ಶ್ರುತಿ_ಕೀಲಿಯವರು ಹೇಳಿದ ನವೆಂಬರ್ ಮೊದಲ ವಾರದ ಟ್ಯೂನಿಂಗ್ ಮುಗಿಸಿ, ಎರಡನೇ ಮೂರನೇ ವಾರದಲ್ಲಿ ರೆಕಾರ್ಡ್ ಮಾಡಿದರೆ ಎಲ್ಲ ಸರಿಹೊಂದುತ್ತದೆ. ಕೃತಿಗಳು ಜೂನ್‌ಗೇ ಕಂಠಪಾಠವಾಗಿರಬೇಕು.

ಅದಕ್ಕಿಂತ ಮೊದಲು, ಹದಿನಾಲ್ಕು ಹದಿನೈದರ ಹೊತ್ತಿಗೆ, ತಿಂಗಳಿಗೊಮ್ಮೆಯಾದರೂ ಬೆಂಗಳೂರು, ಚೆನ್ನೈ ಅಥವಾ ಮುಂಬೈಯ ಒಬ್ಬ ನುರಿತ ಗುರುವಿನ ಎದುರು ಕೂರಬೇಕು. ಮುಂಬೈಯಲ್ಲಿ ಎನ್‌ಸಿಪಿಎ (ರಾಷ್ಟ್ರೀಯ ಪ್ರದರ್ಶನ ಕಲಾ ಕೇಂದ್ರ) ಉಂಟು, 2006ರಲ್ಲಿ ಶುರುವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಅಲ್ಲಿಯದೇ. ಹೊರದೇಶದ ಪಿಯಾನಿಸ್ಟರು ಬಂದಾಗ ಕಾರ್ಯಕ್ರಮ ಕೇಳಿ, ಮಾಸ್ಟರ್‌ಕ್ಲಾಸ್ ಇದ್ದರೆ ಸೇರಿ. ಮತ್ಸ್ಯಗಂಧ ಎಕ್ಸ್‌ಪ್ರೆಸ್‌ನಲ್ಲಿ ಮಧ್ಯಾಹ್ನ ಹತ್ತಿದರೆ ಆಯಿತು, ಕೊಂಕಣ ರೈಲು ಇರುವ ಊರಿಗೆ ಇದು ದೂರವಲ್ಲ.

ಪಡುಬಿದ್ರಿ_ಕಾಯರ್:
ದುಡ್ಡಿನ ವಿಷಯ ಯಾರಾದರೂ ನೇರವಾಗಿ ಹೇಳಿ.

ಕುಂದಾಪುರ_ವಿಯೆನ್ನಾ:
ಹೇಳುತ್ತೇನೆ. ಒಂದು ಕಾರ್ಯಕ್ರಮದ ಸಂಭಾವನೆಯಲ್ಲಿ ಏಜೆಂಟಿಗೆ ಶೇ. 15ರಿಂದ 20, ನುಡಿಸಿದ ದೇಶದ ತೆರಿಗೆ, ಎಷ್ಟೋ ಸಲ ಪ್ರಯಾಣದ ಖರ್ಚೂ ಪಿಯಾನಿಸ್ಟಿನದ್ದೇ. ಪೆನ್ಷನ್ ಇಲ್ಲ, ಕೈ ನೋವಾದ ತಿಂಗಳು ಸಂಬಳ ಇಲ್ಲ. ಸೀಸನ್‌ಗೆ ಎರಡು ರಿಸೈಟಲ್ ಕಾರ್ಯಕ್ರಮ, ಐದಾರು ಕನ್ಸರ್ಟೊ ಸಿದ್ಧ ಇಟ್ಟುಕೊಳ್ಳಬೇಕು. ಬರೀ ಸ್ಟೇಜಿನಿಂದಲೇ ಬದುಕುವವರು ಕಡಿಮೆ. ಉಳಿದವರು ಕಾಲೇಜಿನಲ್ಲಿ ಪಾಠ, ಒಪೆರಾ ಮನೆಯಲ್ಲಿ ಗಾಯಕರ ತಾಲೀಮು, ಟ್ರಯೊ (ಮೂವರ ಗುಂಪು), ಸಾಥ್, ಎಲ್ಲ ಸೇರಿಸಿ ಮರ್ಯಾದೆಯಿಂದ ಬದುಕುತ್ತಾರೆ. ಇದೂ ಪೂರ್ಣ ಸಂಗೀತದ ಬದುಕೇ. ಪಿಯುಸಿ ಬಿಡಿಸಬೇಡಿ, ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ವೀಸಾಕ್ಕೂ ಅರ್ಜಿಗೂ ಬೇಕು. ವಿಜ್ಞಾನದ ಬದಲು ಆರ್ಟ್ಸ್, ಕಾಮರ್ಸ್ ಆರಿಸಿದರೆ ಅಭ್ಯಾಸಕ್ಕೆ ಸಮಯ ಉಳಿಯುತ್ತದೆ.

ಪಡುಬಿದ್ರಿ_ಕಾಯರ್:
ಇಲ್ಲೇ ಒಂದು ರಿಸೈಟಲ್ ಇಡಬೇಕಾದರೆ? ಮಕ್ಕಳಿಗೆ ಇಡೀ ಕಾರ್ಯಕ್ರಮ ನುಡಿಸಿ ರೂಢಿಯಾಗಬೇಕಲ್ಲ.

ಶ್ರುತಿ_ಕೀಲಿ:
ಖಂಡಿತ ಇಡಿ, ವರ್ಷಕ್ಕೆರಡು. ಕನ್ಸರ್ಟ್ ಗ್ರ್ಯಾಂಡೇ ಬೇಕೆಂದಿಲ್ಲ. ಸ್ಟೈನ್‌ವೇ ಡಿ ಅಂದರೆ 274 ಸೆಂಟಿಮೀಟರ್ ಉದ್ದ, 480 ಕಿಲೊ, ಅದನ್ನು ಇಲ್ಲಿಗೆ ತರಿಸುವುದು ಮಕ್ಕಳ ಕಾರ್ಯಕ್ರಮದ ಖರ್ಚಿಗೆ ಹೊಂದುವುದಿಲ್ಲ. 150 ಜನ ಕೂರುವ ಹಾಲ್‌ಗೆ ಐದೂವರೆ, ಆರು ಅಡಿಯ ಗ್ರ್ಯಾಂಡ್ ಸಾಕು. ಬೆಂಗಳೂರಿನಿಂದ ಬಾಡಿಗೆಗೆ ತರುವುದಾದರೆ ಡಿಸೆಂಬರ್‌ನಿಂದ ಮಾರ್ಚ್ ಒಳಗೆ ಮಾಡಿ, ಮಳೆಯಲ್ಲಿ ಶಿರಾಡಿ ಘಾಟಿಯನ್ನು ನಂಬಿ ಕೂರಲು ಆಗುವುದಿಲ್ಲ. ಒಣ ಊರಿನಿಂದ ಘಾಟಿ ಇಳಿದ ವಾದ್ಯ ಇಲ್ಲಿನ ಗಾಳಿಗೆ ಒಗ್ಗಲು ಒಂದು ದಿನವಾದರೂ ಬೇಕು. ಬಂದ ಮರುದಿನ ಒಂದು ಟ್ಯೂನಿಂಗ್, ರಿಹರ್ಸಲ್ ಆದ ಮೇಲೆ, ಬಾಗಿಲು ತೆರೆಯುವ ಮೊದಲು ಇನ್ನೊಂದು. ಹಾಲ್‌ನ ಎಸಿಯನ್ನು ಬೆಳಿಗ್ಗೆಯೇ ಹಾಕಿಸಿ. ಜನ ಬಂದ ಮೇಲೆ ಹಾಕಿದರೆ ಮೊದಲ ಸೊನಾಟಾ ಮುಗಿಯುವುದರೊಳಗೆ ಶ್ರುತಿ ಜಾರಿರುತ್ತದೆ. ಸ್ಟೇಜ್ ಲೈಟ್ ನೇರ ತಂತಿಯ ಮೇಲೆ ಬೀಳದ ಹಾಗೆ ತಿರುಗಿಸಿ, ಕೀಗಳ ಮೇಲೆ ಕೈಯ ನೆರಳು ಬೀಳುತ್ತದಾ ಅಂತ ಮಗುವನ್ನು ಕೂರಿಸಿಯೇ ನೋಡಿ.

ಬೆಂದೂರು_ಪಾಠಮನೆ:
ಇಷ್ಟು ಸೇರಿಸುತ್ತೇನೆ: ಚರ್ಚ್ ಥರದ ಎತ್ತರದ ಕಟ್ಟಡವಾದರೆ ಸದ್ದು ಹೆಚ್ಚು ಹೊತ್ತು ನಿಲ್ಲುತ್ತದೆ, ಪೆಡಲ್ ಅರ್ಧಕ್ಕೆ ಇಳಿಸಬೇಕು, ವೇಗವೂ ಒಂದು ಚೂರು ಕಡಿಮೆ. ಖಾಲಿ ಹಾಲ್‌ನಲ್ಲಿ ರಿಹರ್ಸಲ್ ಮಾಡುವಾಗ ಒಬ್ಬರು ಕೊನೆಯ ಸಾಲಿನಲ್ಲಿ ಕೂತು ಕೇಳಲಿ, ಎಡಗೈ ಜೋರಾಯಿತಾ ಅಂತ ಹೇಳಬಲ್ಲವರು. ಬೆಂಚನ್ನು ಮನೆಯಿಂದಲೇ ಒಯ್ಯಿರಿ. ಮೈಕ್ ಇಡಬೇಡಿ.

ಕುಂಜಿಬೆಟ್ಟು_ಪೋಷಕ:
ಎಲ್ಲರಿಗೂ ಧನ್ಯವಾದ. ಹೈಗ್ರೋಮೀಟರ್ ಮತ್ತು ಬೆಂಚಿನಿಂದ ಶುರುಮಾಡುತ್ತೇವೆ. ಸೆಕೆಂಡ್ ಹ್ಯಾಂಡ್ ಅಪ್‌ರೈಟ್ ನೋಡಲು ಹೋದಾಗ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು, ಶ್ರುತಿ_ಕೀಲಿ ಸರ್?

ಶ್ರುತಿ_ಕೀಲಿ:
ಟಾರ್ಚ್ ಹಿಡಿದು ಕೆಳಗಿನ ಪ್ಯಾನೆಲ್ ತೆಗೆಸಿ. ಬಾಸ್ ಬ್ರಿಜ್‌ನಲ್ಲಿ ಪಿನ್‌ಗಳ ಸಾಲಿಗೆ ಬಿರುಕು ಇದ್ದರೆ ಬಿಟ್ಟುಬಿಡಿ. ತಂತಿಯ ಮೇಲೆ ತೆಳು ಮಬ್ಬು ಪರವಾಗಿಲ್ಲ, ಬೆರಳಿಗೆ ಹತ್ತುವ ತುಕ್ಕು ಬೇಡ. ಮೂಲೆಯಲ್ಲಿ ಗೆದ್ದಲಿನ ಮಣ್ಣು ಉಂಟಾ ನೋಡಿ. ಮೇಲೆ, ಹ್ಯಾಮರ್ ತಲೆಯ ಫೆಲ್ಟಿನಲ್ಲಿ ತಂತಿಯ ಗೆರೆ ಒಂದೆರಡು ಮಿಲಿಮೀಟರ್ ಆದರೆ ತೀಡಿ ಸರಿಮಾಡಬಹುದು, ಮರದವರೆಗೆ ಸವೆದಿದ್ದರೆ ಇಡೀ ಸೆಟ್ ಬದಲಿಸುವ ಖರ್ಚು. ಟ್ಯೂನಿಂಗ್ ಪಿನ್ ಹಿಡಿತ ಮಾತ್ರ ಟ್ಯೂನರ್ ಕೀಲಿ ಹಾಕಿಯೇ ನೋಡಬೇಕು, ಅದಕ್ಕೆ ಒಬ್ಬರನ್ನು ಕರೆದುಕೊಂಡು ಹೋಗಿ. ಮನೆಗೆ ಸಾಗಿಸುವಾಗ ನಾಲ್ಕು ಜನ, ಗಾಲಿಯ ಹಲಗೆ, ದಪ್ಪ ಕಂಬಳಿ. ಹಿಂಬದಿಯ ಹಿಡಿಕೆಯಲ್ಲೇ ಎತ್ತಬೇಕು, ಮುಂದಿನ ಕಾಲು ಹಿಡಿದರೆ ಮುರಿಯುತ್ತದೆ. ತಂದು ಇಟ್ಟ ಮೇಲೆ ಎರಡು ಮೂರು ವಾರ ಬಿಟ್ಟು ಟ್ಯೂನಿಂಗ್ ಮಾಡಿಸಿ.